ಕೈಲಾಸಂ ಉತ್ಸವ: ಟೊಳ್ಳೋ? ಗಟ್ಟಿಯೋ?

ಬೆಂಗಳೂರಿನಲ್ಲಿ ಟಿ.ಪಿ. ಕೈಲಾಸಂ ಅವರ ಸಣ್ಣ ನಾಟಕಗಳ ಉತ್ಸವ ಮಾಡುವ ಮಹನೀಯರಿಗೆ ಒಂದು ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಬೇಕಾಗಿದೆ. ವೇದಿಕೆಯ ಮೇಲೆ ಮಾತ್ರ ಕನ್ನಡ. ಆಹ್ವಾನ ಪತ್ರಿಕೆಯಿಂದ ಹಿಡಿದು ವಂದನಾರ್ಪಣೆಯವರೆಗೆ ಉಳಿದದ್ದೆಲ್ಲಾ ಇಂಗ್ಲಿಷ್! ಇದು ಕೈಲಾಸಂಗೆ ಮಾಡುವ ಸನ್ಮಾನವೇ? ಯಾವ ಬೂಟಾಟಿಕೆಯನ್ನು ಆ ಮಹಾನುಭಾವರು ಗೇಲಿ ಮಾಡಿ ಮಾಡಿ ಬರೆದರೋ, ಅದೇ ಬೂಟಾಟಿಕೆಯನ್ನು ಅವರ ಫೋಟೋದ ಮುಂದೆ ದೀಪ ಹಚ್ಚಿ ಕೂರಿಸಿದ್ದೀರಿ. ನೋಡುವವರಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯದು.

ನಾನು ಸಾಹಿತಿಯಲ್ಲ, ವಿಮರ್ಶಕನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ಮೊಳೆ ಜೋಡಿಸುವ ಕಾಲದ ಕೊನೆಯ ದಿನಗಳನ್ನು ಕಂಡವನು. ಈಗ ಸ್ವಂತ ಪ್ರೆಸ್ಸು ಇದೆ. ಬಿಲ್ ಬುಕ್ಕು, ಕರಪತ್ರ, ಲಗ್ನಪತ್ರಿಕೆ, ನಾಟಕದ ಪೋಸ್ಟರು ಅಚ್ಚು ಹಾಕುವುದು ನನ್ನ ಹೊಟ್ಟೆಪಾಡು. ಆದರೆ ಒಂದು ಮಾತು ತಿಳಿದುಕೊಳ್ಳಿ ಗೆಳೆಯರೇ, ಊರಿನಲ್ಲಿ ಕನ್ನಡ ಎಲ್ಲಿ ಜಾಗ ಕಳೆದುಕೊಳ್ಳುತ್ತಿದೆ ಅನ್ನುವುದು ಪ್ರೊಫೆಸರಿಗಿಂತ ಮೊದಲು ಪ್ರೆಸ್ಸಿನವನಿಗೆ ಗೊತ್ತಾಗುತ್ತದೆ. ಮೊದಲು ವಿಸಿಟಿಂಗ್ ಕಾರ್ಡಿನಿಂದ ಹೋಯಿತು. ಆಮೇಲೆ ಲಗ್ನಪತ್ರಿಕೆಯಿಂದ ಹೋಯಿತು. ಈಗ ಕನ್ನಡ ನಾಟಕದ ಪೋಸ್ಟರಿನಿಂದಲೇ ಹೋಗುತ್ತಿದೆ!

ಲೋಕಲ್ ಆಗಿಬಿಡುತ್ತದಂತೆ!

ಈಚೆಗೆ ಇಂಥದ್ದೇ ಒಂದು ಕೈಲಾಸಂ ಉತ್ಸವದ ಕೆಲಸ ನನ್ನ ಪ್ರೆಸ್ಸಿಗೆ ಬಂತು. ಯಾವ ತಂಡ ಅಂತ ಹೇಳುವುದಿಲ್ಲ. ಒಬ್ಬರ ಹೆಸರು ಹೇಳಿದರೆ ಉಳಿದವರು ತಪ್ಪಿಸಿಕೊಳ್ಳುತ್ತಾರೆ. ಆಹ್ವಾನ ಪತ್ರಿಕೆ, ಪೋಸ್ಟರು, ಟಿಕೆಟ್ಟು, ಬ್ಯಾನರು, ನಾಲ್ಕೂ ಇಂಗ್ಲಿಷಿನಲ್ಲಿ. ನಾಟಕಗಳ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡ ಅಂತ ಇದ್ದದ್ದು ಕೆಳಗೆ ಮೂಲೆಯಲ್ಲಿ ‘ಸರ್ವರಿಗೂ ಸ್ವಾಗತ’ ಅನ್ನುವ ಎರಡೇ ಪದ. ಅದರಲ್ಲೂ ಅರ್ಕಾವೊತ್ತು ಎಲ್ಲೋ ಹಾರಿ ಹೋಗಿ ಕೂತಿತ್ತು.

ಡಿಸೈನು ತಂದ ಹುಡುಗನನ್ನು ಕೇಳಿದೆ, ‘ಏನಪ್ಪಾ, ಕನ್ನಡ ನಾಟಕ ತಾನೆ? ಕನ್ನಡದಲ್ಲಿ ಯಾಕಿಲ್ಲ?’ ಅವನು ಮುಖ ನೋಡದೆ ಹೇಳಿದ, ‘ಅಂಕಲ್, ಕನ್ನಡ ಹಾಕಿದ್ರೆ ತುಂಬಾ ಲೋಕಲ್ ಆಗ್ಬಿಡತ್ತೆ.’

ಲೋಕಲ್ ಆಗದೆ ಇನ್ನೇನು ಲಂಡನ್ ಆಗಬೇಕಿತ್ತೇ? ಲಂಡನ್ನಿಗೆ ನಿಜವಾಗಿ ಹೋಗಿ ಬಂದವರು ಕೈಲಾಸಂ! 1884ರಲ್ಲಿ ಹುಟ್ಟಿದವರು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮಗ ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿದರು, ಅಲ್ಲಿಯ ನಾಟಕಗಳನ್ನು ಕಣ್ತುಂಬ ನೋಡಿದರು. ವಾಪಸು ಬಂದು ಸಂಸ್ಥಾನದ ಭೂಗರ್ಭ ಇಲಾಖೆಯ ನೌಕರಿ ಹಿಡಿದರು, ಅದನ್ನೂ ಬಿಟ್ಟರು. ಬೇಕೆಂದಿದ್ದರೆ ಕೋಟು ಟೈ ಹಾಕಿಕೊಂಡು ಕ್ಲಬ್ಬಿನಲ್ಲಿ ಕೂತು ಇಂಗ್ಲಿಷಿನಲ್ಲೇ ಕಾಲ ಕಳೆಯಬಹುದಿತ್ತು. ಅವರು ಮಾಡಿದ್ದೇನು? ಬೆಂಗಳೂರು ಮೈಸೂರಿನ ಮನೆಯೊಳಗಿನ ಮಾತನ್ನು, ಪಡಸಾಲೆಯ ಜಗಳವನ್ನು, ಅಡುಗೆಮನೆಯ ಗೊಣಗಾಟವನ್ನು ಎತ್ತಿ ತಂದು ರಂಗದ ಮೇಲೆ ಇಟ್ಟರು. ‘ಲೋಕಲ್’ ಮಾಡಿದ್ದಕ್ಕೇ ಅವರು ಕೈಲಾಸಂ ಆದದ್ದು!

ಅದಕ್ಕೆ ಮುಂಚೆ ನಾಟಕ ಅಂದರೆ ಏನಿತ್ತು, ಸ್ವಲ್ಪ ತಿಳಿದುಕೊಳ್ಳಿ. ಕಂಪನಿ ನಾಟಕಗಳ ವೈಭವದ ಕಾಲ ಅದು. ಕೈಲಾಸಂ ಹುಟ್ಟಿದ 1884ರಲ್ಲೇ ಗುಬ್ಬಿ ಕಂಪನಿಯೂ ಶುರುವಾಯಿತು. ಪೌರಾಣಿಕ ಕಥೆ, ಕಿರೀಟ, ಝಗಮಗಿಸುವ ಪರದೆ, ಗಂಟೆಗಟ್ಟಲೆ ಹಾಡು. ಅದನ್ನು ಕೀಳು ಅನ್ನುವುದಿಲ್ಲ. ಹಳ್ಳಿ ಹಳ್ಳಿಗೆ ಕನ್ನಡ ಮುಟ್ಟಿಸಿದ್ದೇ ಆ ಕಂಪನಿಗಳು. ಆದರೆ ರಾಜ ಮಂತ್ರಿಯರ ಭಾಷೆ ಬೇರೆ, ಮನೆಯಲ್ಲಿ ಅಪ್ಪ ಮಗನಿಗೆ ಬೈಯುವ ಭಾಷೆ ಬೇರೆ. ಸುಮಾರು 100 ವರ್ಷದ ಹಿಂದೆ ಕೈಲಾಸಂ ಆ ಬೈಯುವ ಭಾಷೆಯನ್ನೇ ರಂಗಕ್ಕೆ ತಂದರು. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನಂಥ ಹವ್ಯಾಸಿಗಳು ಅದನ್ನು ಆಡಿದರು. ಕುರ್ಚಿ ಮೇಜು ಇದ್ದರೆ ಸಾಕು, ನಾಟಕ ಆಯಿತು. ಸಣ್ಣ ನಾಟಕ, ದೊಡ್ಡ ಏಟು!

‘ಕೈಲಾಸಂ ಬೆರೆಸಿದರು, ನಾವು ಬೆರೆಸಿದರೆ ತಪ್ಪೇ?’

ಈ ಪ್ರಶ್ನೆಯನ್ನು ನನ್ನ ಮುಖಕ್ಕೆ ಕೇಳಿದವರಿದ್ದಾರೆ. ‘ಕೈಲಾಸಂ ನಾಟಕದಲ್ಲಿ ಸಾಲು ಸಾಲಿಗೂ ಇಂಗ್ಲಿಷ್ ಇದೆ. ಅವರಿಗಿಲ್ಲದ ಮಡಿ ನಿಮಗ್ಯಾಕೆ?’ ಅಂತ. ಕೇಳುವುದಕ್ಕೆ ಜಾಣತನದ ಮಾತು. ಒಳಗೆ ನೋಡಿದರೆ ಟೊಳ್ಳು.

ಕೈಲಾಸಂಗೆ ಪೂರ್ತಿ ಇಂಗ್ಲಿಷ್ ಬೇಕೆನಿಸಿದಾಗ ಅವರು ಪೂರ್ತಿ ಇಂಗ್ಲಿಷಿನಲ್ಲೇ ಬರೆದರು. ‘ದಿ ಬರ್ಡನ್’, ‘ಫುಲ್‌ಫಿಲ್‌ಮೆಂಟ್’, ಏಕಲವ್ಯನ ಕಥೆಯ ‘ದಿ ಪರ್ಪಸ್’, ಕರ್ಣನ ನಾಟಕ, ಎಲ್ಲವೂ ಇಂಗ್ಲಿಷ್. ಆ ಶಕ್ತಿ ಇದ್ದ ಮನುಷ್ಯ ಕನ್ನಡ ನಾಟಕದಲ್ಲಿ ಒಂದು ಪಾತ್ರದ ಬಾಯಿಂದ ಇಂಗ್ಲಿಷ್ ಆಡಿಸುತ್ತಾರೆ ಅಂದರೆ ಕನ್ನಡ ಪದ ಸಿಗಲಿಲ್ಲವೆಂದಲ್ಲ. ಆ ಪಾತ್ರದ ಜಂಬ ಎಷ್ಟು, ಬಂಡವಾಳ ಎಷ್ಟು ಅಂತ ನಮಗೆ ತೂಗಿ ತೋರಿಸಲಿಕ್ಕೆ. ‘ಬಂಡ್ವಾಳ್ವಿಲ್ಲದ ಬಡಾಯಿ’ ಅನ್ನುವ ಹೆಸರಿನಲ್ಲೇ ಅದು ಇದೆ. ಒಳಗೆ ಏನೂ ಇಲ್ಲದವನು ಮೇಲೆ ಹೊದೆಯುವ ಶಾಲು ಆ ಇಂಗ್ಲಿಷು. ‘ಟೊಳ್ಳುಗಟ್ಟಿ’ಯಲ್ಲಿ ಒಬ್ಬ ಮಗ ಪರೀಕ್ಷೆಯ ಹುಳು, ಇನ್ನೊಬ್ಬ ಓದಿನಲ್ಲಿ ಹಿಂದೆ. ಮನೆಗೆ ಕಷ್ಟ ಬಂದ ದಿನ ಕೈಗೆ ಒದಗಿದವನು ಯಾರು? ಮಾರ್ಕ್ಸ್ ಕಾರ್ಡು ಹಿಡಿದವನಲ್ಲ! ಟೊಳ್ಳು ಯಾವುದು, ಗಟ್ಟಿ ಯಾವುದು ಅಂತ ಕೇಳಿದ ಮನುಷ್ಯನ ಉತ್ಸವಕ್ಕೆ ನೀವು ಬರೀ ಹೊರಮೈ ಥಳುಕು ಮಾಡುತ್ತೀರಲ್ಲ ಸ್ವಾಮಿ?

ಹಾಗಂತ ಕೈಲಾಸಂ ಆ ಬೆರಕೆ ಮಾತನ್ನು ದ್ವೇಷಿಸಿದರು ಅಂತಲೂ ನಾನು ಸುಳ್ಳು ಹೇಳುವುದಿಲ್ಲ. ಅವರಿಗೂ ಅದರಲ್ಲಿ ಖುಷಿ ಇತ್ತು. ಊರಿನ ಜನ ಹೇಗೆ ಆಡುತ್ತಿದ್ದರೋ ಹಾಗೆ ಬರೆದರು. ಆದರೆ ಅವರ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ವ್ಯತ್ಯಾಸ ಇದೆ. ಅವತ್ತು ಕನ್ನಡ ಅನ್ನವಾಗಿತ್ತು, ಇಂಗ್ಲಿಷ್ ಒಗ್ಗರಣೆ. ಒಗ್ಗರಣೆ ಸಿಡಿದರೆ ಘಮ ಬರುತ್ತದೆ, ನಗು ಬರುತ್ತದೆ. ಇವತ್ತು ನಗರದ ಎಷ್ಟೋ ಮನೆಗಳಲ್ಲಿ ಇಂಗ್ಲಿಷೇ ಅನ್ನ. ಕನ್ನಡ ನಾಲ್ಕು ಕಾಳು ಸಾಸಿವೆ. ಬರೀ ಸಾಸಿವೆ ತಿಂದು ಹೊಟ್ಟೆ ತುಂಬುತ್ತದೆಯೇ?

ಒಂದು ಪ್ರದರ್ಶನದಲ್ಲಿ ನಾನೇ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಪಾತ್ರಧಾರಿ ಇಂಗ್ಲಿಷ್ ಪದ ಅಂದಾಗಲೆಲ್ಲಾ ಹುಡುಗರು ಹೋ ಎಂದು ನಕ್ಕರು. ಅದರ ಬೆನ್ನಿಗೇ ಬಂದ ಕನ್ನಡದ ಕುಟುಕು ಯಾರಿಗೂ ತಾಗದೆ ಹಾದು ಹೋಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾಲ್ಕು ಜನ ವಯಸ್ಸಾದವರು ಮಾತ್ರ ನಕ್ಕರು. ಅಂದರೆ ಏನಾಯಿತು? ಯಾವುದನ್ನು ಗೇಲಿ ಮಾಡಬೇಕೋ ಅದಕ್ಕೆ ಚಪ್ಪಾಳೆ ಬಿತ್ತು, ಯಾವುದು ಗೇಲಿ ಮಾಡುತ್ತಿತ್ತೋ ಅದು ಕೇಳಿಸಲೇ ಇಲ್ಲ. ಆ ನಾಲ್ಕು ಜನ ಹೋದ ಮೇಲೆ ಕೈಲಾಸಂ ನಾಟಕಕ್ಕೆ ಸರಿಯಾದ ಜಾಗದಲ್ಲಿ ನಗುವವರು ಯಾರು? ಗೆಳೆಯರೇ, ಪೋಸ್ಟರಿನ ಅಕ್ಷರದ ಜಗಳ ಇದರ ತುದಿ ಅಷ್ಟೇ. ಬುಡದಲ್ಲಿ ಇರುವುದು ಈ ಪ್ರಶ್ನೆ.

ಥಾಲಿ ಊಟವೂ ಟೋಲ್ ಗೇಟೂ

ನಾಟಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏನು ನಷ್ಟ ಅನ್ನುವವರಿಗೆ ಪ್ರೆಸ್ಸಿನವನಾಗಿ ಉತ್ತರ ಕೊಡುತ್ತೇನೆ. ಕೈಲಾಸಂ ನಾಟಕಗಳ ಹೆಸರುಗಳೇ ಆಡುಮಾತಿನ ಗಂಟುಗಳು. ‘ತಾಳೀಕಟ್ಟೋಕ್ಕೂಲೀನೇ’. ಒಂದೇ ಉಸಿರಿನಲ್ಲಿ, ಒಂದೇ ಪದದಂತೆ. ತಾಳಿ ಕಟ್ಟುವುದಕ್ಕೂ ಕೂಲಿಯೇ ಅಂತ ವರದಕ್ಷಿಣೆ ಕೇಳುವ ಗಂಡಿನ ಕಪಾಳಕ್ಕೆ ಹೆಸರಿನಲ್ಲೇ ಬಾರಿಸಿದ್ದಾರೆ. ಆ ದೀರ್ಘ, ಆ ಒತ್ತಕ್ಷರ, ಆ ಪ್ರಶ್ನೆಯ ಎಳೆತ ಎಲ್ಲಾ ಕನ್ನಡ ಲಿಪಿಯಲ್ಲಿ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಅದನ್ನೇ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿ ನೋಡಿ. ‘ಳ’ಕ್ಕೆ ಅಲ್ಲಿ ಅಕ್ಷರವೇ ಇಲ್ಲ. ತಾಳಿ ಹೋಗಿ ಥಾಲಿ ಆಯಿತು! ಓದಿದ ಹುಡುಗ ಉತ್ತರ ಭಾರತದ ಊಟದ ತಟ್ಟೆ ಅಂದುಕೊಂಡರೆ ಅವನ ತಪ್ಪೇ? ಟೊಳ್ಳು ಹೋಗಿ ಟೋಲ್ ಆಯಿತು! ನೈಸ್ ರಸ್ತೆಯ ಮೇಲೆ ದುಡ್ಡು ಕಟ್ಟುವ ಗೇಟು ನೆನಪಾದರೆ ಆಶ್ಚರ್ಯವೇನು?

‘ಕನ್ನಡ ಫಾಂಟು ಚೆನ್ನಾಗಿಲ್ಲ, ಡಿಸೈನಿಗೆ ಒಗ್ಗಲ್ಲ’ ಅನ್ನುವುದು ಎರಡನೆಯ ನೆಪ. ಒಂದು ಕಾಲಕ್ಕೆ ಈ ಮಾತಿನಲ್ಲಿ ಅರ್ಥ ಇತ್ತು. ಮೊಳೆಯ ಕಾಲದಲ್ಲಿ ಕಾಗುಣಿತಕ್ಕೊಂದು, ಒತ್ತಕ್ಷರಕ್ಕೊಂದು ಮೊಳೆ ಹುಡುಕಿ ಕೂರಿಸಬೇಕಾಗಿತ್ತು. ಕೈಲಾಸಂ ನಾಟಕ ಜೋಡಿಸುವುದು ಅಂದರೆ ಕಂಪೋಸಿಟರಿಗೆ ಅಗ್ನಿಪರೀಕ್ಷೆ. ಆದರೂ ಆ ಜನ ಕಣ್ಣು ಬಿಟ್ಟುಕೊಂಡು ಜೋಡಿಸಿದರು. ಆಮೇಲೆ ಕಂಪ್ಯೂಟರ್ ಬಂತು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 1998ರಲ್ಲಿ ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವತ್ತು ಕಾಸಿಲ್ಲದೆ ಸಿಗುವ ಒಳ್ಳೆಯ ಕನ್ನಡ ಫಾಂಟುಗಳೇ ಬೇಕಾದಷ್ಟು ಇವೆ. ಮೊಳೆ ಇಲ್ಲದಾಗ ಮಾಡಿದ ಕೆಲಸವನ್ನು ಬೆರಳ ತುದಿಯಲ್ಲಿ ಎಲ್ಲಾ ಇದ್ದಾಗ ಮಾಡಲಾಗದು ಅಂದರೆ ಕೊರತೆ ಫಾಂಟಿನಲ್ಲಿಲ್ಲ, ಮನಸ್ಸಿನಲ್ಲಿದೆ.

ಮೂರನೆಯ ನೆಪ ‘ಪುಸ್ತಕ ಸಿಗಲ್ಲ, ಹುಡುಗರು ಓದೋದು ಹೇಗೆ?’ ಇದಕ್ಕೂ ಉತ್ತರ ಇದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ನಮ್ಮ ದೇಶದ ಕಾಯಿದೆ ಪ್ರಕಾರ ಲೇಖಕ ತೀರಿಕೊಂಡ ಮೇಲೆ 60 ವರ್ಷ ಮಾತ್ರ ಕೃತಿಸ್ವಾಮ್ಯ. ಅದು 2006ರ ಕೊನೆಗೆ ಮುಗಿಯಿತು. ಅವರು ಬದುಕಿದ್ದಾಗಲೇ ಅಚ್ಚಾದ ನಾಟಕಗಳನ್ನು ಈಗ ಯಾರು ಬೇಕಾದರೂ ಆಡಬಹುದು, ಯಾರು ಬೇಕಾದರೂ ಅಚ್ಚು ಹಾಕಬಹುದು. ಯಾರ ಅಪ್ಪಣೆಯೂ ಬೇಡ, ಯಾರಿಗೂ ಗೌರವಧನ ಕೊಡಬೇಕಾಗಿಲ್ಲ. ಒಂದು ಸಣ್ಣ ನಾಟಕ ಎರಡು ಮೂರು ಫಾರಂ ಆದೀತು, ಅಂದರೆ 32ರಿಂದ 48 ಪುಟ. ನಡುವೆ ಎರಡು ಪಿನ್ನು ಹೊಡೆದರೆ ಪುಸ್ತಕ. ಸಾವಿರ ಪ್ರತಿ ಹಾಕಿಸಿದರೆ ಒಂದೊಂದಕ್ಕೆ ಹೋಟೆಲಿನ ದೋಸೆಯಷ್ಟೂ ಬೀಳುವುದಿಲ್ಲ. ಉತ್ಸವದ ಬಾಗಿಲಲ್ಲಿ ಒಂದು ಮೇಜು ಹಾಕಿ ಮಾರಿದರೆ ನಾಟಕ ನೋಡಿದವನು ಓದುತ್ತಾನೆ, ಓದಿದವನು ಕಾಲೇಜಿನಲ್ಲಿ ಆಡುತ್ತಾನೆ. ಆದರೆ ಬಾಗಿಲಲ್ಲಿ ಇರುವುದೇನು? ಪ್ರಾಯೋಜಕರ ಇಂಗ್ಲಿಷ್ ಸ್ಟ್ಯಾಂಡಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಜನ!

ನಮ್ಮ ಎಲೆಯ ಹೆಗ್ಗಣ

ಈಗ ನಮ್ಮ ಕಡೆಗೆ ಬರೋಣ. ನಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸುತ್ತಾ ಕೂತರೆ ಆಗದು.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2023ರಲ್ಲಿ ಬಂತು. 2024ರ ತಿದ್ದುಪಡಿಯಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡ ಇರಬೇಕು ಅಂತಾಯಿತು. ಅದಕ್ಕಾಗಿ ಬೀದಿಗಿಳಿದು, ಲಾಠಿ ತಿಂದು, ಕೇಸು ಹಾಕಿಸಿಕೊಂಡ ಹುಡುಗರಿಗೆ ನನ್ನ ನಮಸ್ಕಾರ. ಆದರೆ ಕೇಳುತ್ತೇನೆ, ಬಟ್ಟೆ ಅಂಗಡಿಯ ಬೋರ್ಡಿನಲ್ಲಿ ಶೇ. 60 ಕೇಳುವ ನಾವು ಕನ್ನಡ ನಾಟಕದ ಪೋಸ್ಟರಿನಲ್ಲಿ ಶೇ. 6 ಇದ್ದರೂ ಯಾಕೆ ಸುಮ್ಮನಿದ್ದೇವೆ? ಯಾಕೆಂದರೆ ನಾವು ನಾಟಕಕ್ಕೆ ಹೋಗುವುದೇ ಇಲ್ಲ! ಬೋರ್ಡಿಗೆ ಮಸಿ ಬಳಿಯುವುದು ಒಂದು ಬೆಳಗಿನ ಕೆಲಸ. ಆ ಬೋರ್ಡಿನ ಕನ್ನಡವನ್ನು ಓದಿ ನಗುವ, ಅಳುವ, ಸಿಟ್ಟಾಗುವ ಜನರನ್ನು ಬೆಳೆಸುವುದು ವರ್ಷಾನುಗಟ್ಟಲೆಯ ಕೆಲಸ. ನಾವು ಸೀಟು ಖಾಲಿ ಬಿಟ್ಟರೆ ಇಂಗ್ಲಿಷಿನವರು ಬಂದು ಕೂರುತ್ತಾರೆ. ಕೂತವರ ಭಾಷೆಯಲ್ಲೇ ಟಿಕೆಟ್ಟು ಅಚ್ಚಾಗುತ್ತದೆ. ಇದು ವ್ಯಾಪಾರದ ಲೆಕ್ಕ. ನಾನೂ ವ್ಯಾಪಾರದವನೇ, ನನಗೆ ಗೊತ್ತು.

ಇನ್ನೊಂದು ಮಾತನ್ನೂ ನಮ್ಮವರು ಕಿವಿಗೆ ಹಾಕಿಕೊಳ್ಳಬೇಕು. ಕೈಲಾಸಂ ಮನೆಮಾತು ತಮಿಳು. ಮಾಸ್ತಿಯವರದೂ ತಮಿಳು. ಬೇಂದ್ರೆಯವರ ಮನೆಮಾತು ಮರಾಠಿ. ಕನ್ನಡಕ್ಕೊಬ್ಬನೇ ಕೈಲಾಸಂ ಅಂತ ನಾಡು ಕೊಂಡಾಡಿತು. 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮದರಾಸಿನಲ್ಲಿ ನಡೆದಾಗ ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು. ಆದ್ದರಿಂದ ಯಾರ ಮನೆಯೊಳಗೆ ಯಾವ ಮಾತು ಅಂತ ಬಾಗಿಲು ತಟ್ಟಿ ಕೇಳುವುದು ನಮ್ಮ ಕೆಲಸವಲ್ಲ. ಮನೆಯಿಂದ ಹೊರಗೆ, ಈ ಮಣ್ಣಿನ ರಂಗದ ಮೇಲೆ ಯಾವ ಮಾತು ಅನ್ನುವುದಷ್ಟೇ ನಮ್ಮ ಪ್ರಶ್ನೆ. ತಮಿಳು ಮನೆಯ ಮಗ ಕನ್ನಡ ನಾಟಕಕ್ಕೆ ಜೀವ ತುಂಬಿದ. ಕನ್ನಡ ಮನೆಯ ಮಕ್ಕಳು ಆ ನಾಟಕದ ಟಿಕೆಟ್ಟನ್ನೂ ಕನ್ನಡದಲ್ಲಿ ಹಾಕಿಸಲಾರರು ಅಂದರೆ ಯಾರು ಕನ್ನಡಿಗರು, ನೀವೇ ಹೇಳಿ!

‘ಅದು ಯಾರದೋ ಮನೆಯ ಮಾತು’

ಕೆಲವು ಗೆಳೆಯರು ಇನ್ನೊಂದು ತಕರಾರು ತೆಗೆಯುತ್ತಾರೆ. ‘ಕೈಲಾಸಂ ನಾಟಕ ಬೆಂಗಳೂರು ಮೈಸೂರಿನ ಬ್ರಾಹ್ಮಣರ ಮನೆಯ ಮಾತು. ಕೋಲಾರದ ನನಗೆ, ಕಲಬುರಗಿಯಿಂದ ಬಂದು ಪೀಣ್ಯದಲ್ಲಿ ದುಡಿಯುವ ನನಗೆ ಅದರಿಂದ ಏನಾಗಬೇಕು?’ ತಕರಾರು ಸುಳ್ಳಲ್ಲ. ಅವರು ಬಲ್ಲ ಮನೆಯನ್ನು ಅವರು ಬರೆದರು, ಆ ಮನೆಯ ಕಂತೆಪುರಾಣವನ್ನೆಲ್ಲಾ ಬಯಲಿಗೆ ಎಳೆದರು. ಒಳಗಿನವರೇ ಆಗಿ ಒಳಗಿನವರನ್ನು ಬಿಡಲಿಲ್ಲ. ‘ನಮ್ ಬ್ರಾಹ್ಮಣ್ಕೆ’, ‘ಬಹಿಷ್ಕಾರ’, ‘ಸೂಳೆ’ ಅಂತ ಹೆಸರಿಟ್ಟು ಆ ಕಾಲದಲ್ಲಿ ನಾಟಕ ಬರೆಯುವುದಕ್ಕೆ ಗುಂಡಿಗೆ ಬೇಕು.

ಅವರಿಂದ ಕಲಿಯಬೇಕಾದದ್ದು ಆ ಗುಂಡಿಗೆ. ಅವರು ತಮ್ಮ ಪಡಸಾಲೆಯ ಮಾತು ತಂದರು, ನೀವು ನಿಮ್ಮ ಬೀದಿಯ ಮಾತು ತನ್ನಿ. ಧಾರವಾಡದ ಕಡೆಯಿಂದ ಶ್ರೀರಂಗರು ಏಕಾಂಕಗಳನ್ನು ಬರೆದರಲ್ಲ, ಹಾಗೆ. ಗಾರ್ಮೆಂಟ್ಸಿನ ಹೆಣ್ಣುಮಗಳು ಸೂಪರ್‌ವೈಸರಿಗೆ ಕೊಡುವ ಉತ್ತರ, ಆಟೋ ಸ್ಟ್ಯಾಂಡಿನ ವಾದ, ಇಂಗ್ಲಿಷ್ ಬರದೆ ಇಂಟರ್‌ವ್ಯೂನಲ್ಲಿ ತಲೆ ತಗ್ಗಿಸಿ ಬಂದ ಹುಡುಗನ ಮನೆಯ ರಾತ್ರಿ, ಇವೆಲ್ಲಾ ಅರ್ಧ ಗಂಟೆಯ ನಾಟಕಗಳು ತಾನೆ? ಇಂದಿನ ಬಂಡವಾಳವಿಲ್ಲದ ಬಡಾಯಿಗಳು ಹವಾನಿಯಂತ್ರಿತ ಕಚೇರಿಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಬರೆಯುವವರು ಬೇಕು ಅಷ್ಟೇ.

ಆಗಬೇಕಾದದ್ದು ಇಷ್ಟು

ಉತ್ಸವ ನಡೆಸುವವರಿಗೆ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ:

1. ಆಹ್ವಾನ ಪತ್ರಿಕೆ, ಪೋಸ್ಟರು, ಟಿಕೆಟ್ಟು, ಮೊಬೈಲಿನಲ್ಲಿ ಕಳಿಸುವ ಪ್ರಕಟಣೆ, ಎಲ್ಲದರಲ್ಲೂ ಕನ್ನಡ ಮೊದಲು, ಕನ್ನಡ ದೊಡ್ಡದಾಗಿ. ನಾಟಕದ ಹೆಸರು ಕನ್ನಡ ಲಿಪಿಯಲ್ಲೇ ಇರಲಿ. ಬೇರೆ ಭಾಷೆಯವರಿಗೆ ಬೇಕಾದರೆ ಕೆಳಗೆ ಇಂಗ್ಲಿಷ್ ಹಾಕಿ, ನಮ್ಮ ಅಭ್ಯಂತರವಿಲ್ಲ.

2. ಸ್ವಾಗತ, ನಿರೂಪಣೆ, ವಂದನಾರ್ಪಣೆ ಕನ್ನಡದಲ್ಲಿ ನಡೆಯಲಿ. ಕೈಲಾಸಂ ಬಗ್ಗೆ ಇಂಗ್ಲಿಷಿನಲ್ಲಿ ಭಾಷಣ ಮಾಡುವ ಅತಿಥಿಗೆ ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡಲು ಹೇಳಿ.

3. ಆಡುವ ನಾಟಕದ ಪುಸ್ತಕವನ್ನು ಅಗ್ಗದ ಬೆಲೆಗೆ ಬಾಗಿಲಲ್ಲಿ ಮಾರಿ. ಕಾಗದದ ಖರ್ಚು ಕೊಟ್ಟರೆ ಒಂದು ನಾಟಕವನ್ನು ಕೂಲಿ ಇಲ್ಲದೆ ಅಚ್ಚು ಹಾಕಿಕೊಡಲು ನನ್ನ ಪ್ರೆಸ್ಸು ಸಿದ್ಧ. ಇದು ಬಾಯಿಮಾತಲ್ಲ.

4. ಉತ್ಸವದ ಒಂದು ದಿನವಾದರೂ ದೊಡ್ಡ ರಂಗಮಂದಿರ ಬಿಟ್ಟು ಸರ್ಕಾರಿ ಕಾಲೇಜಿಗೆ, ಬಡಾವಣೆಯ ಮೈದಾನಕ್ಕೆ ಬನ್ನಿ. ಕುರ್ಚಿ ಮೇಜಿನಲ್ಲಿ ಆಗುವ ನಾಟಕಕ್ಕೆ ಲಕ್ಷಗಟ್ಟಲೆ ಬಾಡಿಗೆಯ ವೇದಿಕೆ ಯಾಕೆ?

5. ಪ್ರತಿ ಉತ್ಸವದಲ್ಲೂ ಕೈಲಾಸಂ ನಾಟಕಗಳ ಜೊತೆಗೆ ಹೊಸಬರು ಬರೆದ ಒಂದು ಸಣ್ಣ ಕನ್ನಡ ನಾಟಕ ಆಡಿಸಿ. ಹಳೆಯದನ್ನೇ ಪೂಜೆ ಮಾಡುತ್ತಾ ಕೂತರೆ ರಂಗಭೂಮಿ ದೇವರಮನೆ ಆಗುತ್ತದೆ.

ಇನ್ನು ಯುವಕ ಯುವತಿಯರೇ, ನಿಮ್ಮ ಪಾಲಿನದು. ಇಂಗ್ಲಿಷ್ ಪೋಸ್ಟರು ಕಂಡರೆ ಹರಿಯಬೇಡಿ. ಹರಿದರೆ ನಾಳೆ ಅವರು ಇನ್ನೊಂದು ಅಂಟಿಸುತ್ತಾರೆ, ನಿಮ್ಮ ಮೇಲೆ ಕೇಸು ಬೀಳುತ್ತದೆ. ಹತ್ತು ಜನ ಸೇರಿ ಟಿಕೆಟ್ಟು ತೆಗೆದುಕೊಳ್ಳಿ, ಒಳಗೆ ಹೋಗಿ ನಾಟಕ ಪೂರ್ತಿ ನೋಡಿ, ನಟರಿಗೆ ಜೋರಾಗಿ ಚಪ್ಪಾಳೆ ತಟ್ಟಿ. ಅವರು ಕಷ್ಟಪಟ್ಟು ಕನ್ನಡ ಆಡುತ್ತಿರುವವರು, ನಮ್ಮವರು. ನಾಟಕ ಮುಗಿದ ಮೇಲೆ ವ್ಯವಸ್ಥಾಪಕರ ಮುಂದೆ ನಿಂತು ಮರ್ಯಾದೆಯಿಂದ ಕೇಳಿ: ‘ಸ್ವಾಮಿ, ನಾಟಕ ಚೆನ್ನಾಗಿತ್ತು. ಟಿಕೆಟ್ಟಿನಲ್ಲಿ ಕನ್ನಡ ಯಾಕಿಲ್ಲ?’ ಹತ್ತು ಜನ ಕೇಳಿದರೆ ನಕ್ಕು ಕಳಿಸುತ್ತಾರೆ. ನೂರು ಜನ, ದುಡ್ಡು ಕೊಟ್ಟು ಕೂತ ನೂರು ಜನ ಕೇಳಿದರೆ ಮುಂದಿನ ಸಲ ಡಿಸೈನು ಬದಲಾಗಿಯೇ ಪ್ರೆಸ್ಸಿಗೆ ಬರುತ್ತದೆ. ಅದು ಯಾರ ಪ್ರೆಸ್ಸಾದರೂ ಸರಿ.

ಸಿರಿಗನ್ನಡಂ ಗೆಲ್ಗೆ!